ಅಪ್ಪನ ಗಾಡಿಗೆ ಎಂಟು ಲೈಟು

"ಎಮ್ಮೆ ಎಲ್ಲಿತ್ತು?" ಆಯಿ ಕೇಳಿದಳು.

"ರಸ್ತೆ ನಡುವೆ," ಎಂದ ಅಪ್ಪ.

"ಎಷ್ಟು ದೊಡ್ಡದಿತ್ತು?"

"ಎಮ್ಮೆಯಷ್ಟು ದೊಡ್ಡದಿತ್ತು."

"ಮತ್ತೆ ಕಾಣ್ಲಿಲ್ವಾ ನಿಮ್ಗೆ?"

"ಕರೀ ಎಮ್ಮೆ, ಕರೀ ರಸ್ತೆ, ಮೇಲಿಂದ ಕತ್ತಲೆ. ಹೆಂಗೆ ಕಾಣ್ತದೆ ಮಾರಾಯ್ತಿ?"

ಅಪ್ಪ ಜಗಲಿಯ ಮೇಲೆ ಕೂತಿದ್ದ. ಆಯಿ ಗಂಡನ ಮೊಣಕೈಗೆ ಅರಿಶಿನ ಹಚ್ಚುತ್ತಿದ್ದಳು. ಪ್ರೇಕ್ಷಾ ಬಟ್ಟಲು ಹಿಡಿದು ನಿಂತಿದ್ದಳು. ಅಪ್ಪನ ತಲೆಗೂದಲಲ್ಲಿ ಮೀನಿನ ಪೊರೆ ಅಂಟಿಕೊಂಡು ಮಿಂಚುತ್ತಿತ್ತು.

ಪ್ರೇಕ್ಷಾಳ ಅಪ್ಪ ತುಳಸಿದಾಸನಿಗೆ ಮೀನು ವ್ಯಾಪಾರ. ದಿನಾ ಬೆಳಗಿನ ಜಾವ ಬೆಳಂಬಾರದ ಮನೆಯಿಂದ ಬೈಕಿನಲ್ಲಿ ಹೊರಡುತ್ತಾನೆ. ಕಾರವಾರದ ಬಂದರಿನಲ್ಲಿ ಮೀನು ಕೊಂಡು, ಸೀಟಿನ ಹಿಂದೆ ಕಟ್ಟಿದ ಪೆಟ್ಟಿಗೆಗೆ ತುಂಬಿ, ಮಲ್ಲಾಪುರದ ನೌಕರರ ಕಾಲೊನಿಗೆ ಹೋಗಿ ಪೋಂ ಪೋಂ ಎಂದು ಹಾರ್ನ್ ಹಿಸುಕುತ್ತಾನೆ. ಕ್ವಾರ್ಟರ್ಸಿನ ಬಾಗಿಲುಗಳೆಲ್ಲ ತೆರೆಯುತ್ತವೆ.

ಆ ದಿನ ಮಾತ್ರ ಯಾವ ಬಾಗಿಲೂ ತೆರೆಯಲಿಲ್ಲ. ಎಮ್ಮೆಗೆ ಏನೂ ಆಗಿರಲಿಲ್ಲ. ಅದು ತಿರುಗಿ ನೋಡಿ, ಕೆಳಗೆ ಬಿದ್ದ ಅಪ್ಪನ ತಲೆಯನ್ನೊಮ್ಮೆ ನೆಕ್ಕಿ, ಹೊರಟುಹೋಗಿತ್ತಂತೆ. ಪೆಟ್ಟಿಗೆಯ ಬಂಗಡೆಗಳನ್ನು ಕಾಗೆಗಳೂ ಬೆಕ್ಕುಗಳೂ ಹಂಚಿಕೊಂಡಿದ್ದವು.

"ತಪ್ಪು ಎಮ್ಮೆದಲ್ಲ," ಅಪ್ಪ ತೀರ್ಪು ಕೊಟ್ಟ. "ಲೈಟಿಂದು. ಗಾಡಿ ಲೈಟು ಮಂಕಾಗಿದೆ. ಇನ್ನೆರಡು ಹಾಕ್ಸಿದ್ರೆ ಸರಿ."

ಅಂಕೋಲೆಯಲ್ಲಿ ಸಂಕೇತನ ಗ್ಯಾರೇಜ್ ಇದೆ. ಸಂಕೇತ ಎಂಜಿನ್ನಿನ ಕೆಳಗೆ, ಕಬ್ಬಿಣದ ಗಾರ್ಡಿಗೆ ಎರಡು ಪುಟ್ಟ ಲೈಟು ಕೂರಿಸಿದ. ಹ್ಯಾಂಡಲ್ಲಿಗೊಂದು ಸ್ವಿಚ್ಚು.

"ಮುಖ ಕೆಳಗೆ ಮಾಡಿದ್ದೇನೆ ತುಳಸಿದಾಸಣ್ಣ," ಎಂದ ಸಂಕೇತ. "ರಸ್ತೆ ಚಂದ ಕಾಣ್ತದೆ. ಎದುರು ಬರೋರ ಕಣ್ಣಿಗೂ ಹೊಡಿಯೂದಿಲ್ಲ. ಎರಡು ಸಾಕು."

ಪ್ರೇಕ್ಷಾಳಿಗೆ ಖುಷಿಯೋ ಖುಷಿ. ಐದನೇ ಕ್ಲಾಸಿನಲ್ಲಿ ಯಾರ ಅಪ್ಪನ ಗಾಡಿಗೂ ಮೂರು ಲೈಟು ಇರಲಿಲ್ಲ.

ಆದರೆ ಒಂದೇ ವಾರದಲ್ಲಿ ಅಪ್ಪ ಮತ್ತೆ ತಲೆ ಕೊಡವಿದ. "ಸಾಲೂದಿಲ್ಲ. ಮಂಜು ಜಾಸ್ತಿ."

ನಾಲ್ಕಾಯಿತು. ಆಮೇಲೆ, "ಈಗಿನ ಡಾಂಬರೇ ಸರಿ ಇಲ್ಲ, ಬೆಳಕು ಕುಡಿದುಬಿಡ್ತದೆ," ಎಂದ. ಆರಾಯಿತು. ಸಂಕೇತ ಬೇಡ ಬೇಡ ಎನ್ನುತ್ತಲೇ ವೈರು ಎಳೆದ. ದೀಪಾವಳಿಯ ಹೊತ್ತಿಗೆ ಹೆಡ್‌ಲೈಟು ಬಿಟ್ಟು ಎಂಟು ಲೈಟುಗಳಿದ್ದವು. ಎರಡು ಕೆಳಗೆ, ಎರಡು ಹ್ಯಾಂಡಲ್ಲಿಗೆ, ಎರಡು ಕನ್ನಡಿಗಳಿಗೆ. ಉಳಿದೆರಡನ್ನು ಕೂರಿಸಲು ಜಾಗವಿಲ್ಲದೆ ಮೀನಿನ ಪೆಟ್ಟಿಗೆಯ ಮೇಲೆ ಕೋಲು ನಿಲ್ಲಿಸಿ ಕಟ್ಟಿದ್ದರು.

ಎಂಟೂ ಲೈಟು ಹಾಕಿದ ಮೊದಲ ಸಂಜೆ ಪಕ್ಕದ ಮನೆಯ ಹೊನ್ನಿ ಅಜ್ಜಿಯ ಹುಂಜ ಏಳೂವರೆಗೆ ಎದ್ದು ಕೂಗಿತು. ಅದು ಕೂಗಿದ್ದು ಕೇಳಿ ಓಣಿಯ ಹುಂಜಗಳೆಲ್ಲ ಕೂಗಿದವು. ಬೇಗ ಮಲಗಿದ್ದ ಅಜ್ಜಿ ಎದ್ದು, ಮುಖ ತೊಳೆದು, ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ಆಮೇಲೆ ಪ್ರೇಕ್ಷಾಳನ್ನು ಕೇಳಿದಳು, "ಶಾಲೆಗೆ ಹೋಗೂದಿಲ್ವನೇ ತಂಗಿ? ಹೊತ್ತಾಯ್ತಲ್ಲೇ!"

"ಅಜ್ಜೀ, ಇನ್ನೂ ಊಟವೇ ಆಗ್ಲಿಲ್ಲ!"

"ನಿನ್ನೆದು?"

ಇನ್ನೊಂದು ಸಂಜೆ ಅಪ್ಪ ಮನೆಗೆ ಬಂದಾಗ ತಡವಾಗಿತ್ತು. ಕೊರಳಲ್ಲಿ ಸೇವಂತಿಗೆ ಹಾರ, ಕೈಯಲ್ಲಿ ಲಾಡು ಪೊಟ್ಟಣ. ದಾರಿಯಲ್ಲಿ ಒಂದು ಮದುವೆಯ ಮೆರವಣಿಗೆ ಸಿಕ್ಕಿತ್ತಂತೆ. ಅವರ ಜನರೇಟರ್ ಕೈಕೊಟ್ಟು ಎಲ್ಲರೂ ಕತ್ತಲಲ್ಲಿ ನಿಂತಿದ್ದರಂತೆ. ಅಪ್ಪನ ಗಾಡಿ ಕಂಡದ್ದೇ ಬ್ಯಾಂಡಿನವರು ಮತ್ತೆ ಬಾರಿಸಲು ಶುರುಮಾಡಿದರು. ಹುಡುಗರು ಗಾಡಿಯ ಮುಂದೆ ಕುಣಿದರು. ಕುಣಿಯುವವರನ್ನು ದಾಟಿ ಬರಲಾಗದೆ ಅಪ್ಪ ಮದುಮಗನನ್ನು ಹಾಲ್ ತನಕ ಮುಟ್ಟಿಸಿ ಬಂದಿದ್ದ.

ಆ ಕುಣಿಯುವವರಲ್ಲಿ ಪ್ರೇಕ್ಷಾಳ ಕ್ಲಾಸಿನ ರೋಷನನೂ ಇದ್ದ. ಮರುದಿನ ಅವಳು ಕ್ಲಾಸಿಗೆ ಕಾಲಿಟ್ಟದ್ದೇ ತಡ, ಅವನು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಕೂಗಿದ. "ಅಯ್ಯೋ, ಜನರೇಟರ್ ಬಂತು! ಡಿಮ್ ಮಾಡೇ, ಡಿಮ್ ಮಾಡೇ!"

ಇಡೀ ಕ್ಲಾಸು ನಕ್ಕಿತು. ಅಂದಿನಿಂದ ಅವಳು ಜನರೇಟರ್ ಪ್ರೇಕ್ಷಾ.

ಅಷ್ಟಕ್ಕೇ ಮುಗಿಯಲಿಲ್ಲ. ಎಂಟು ಲೈಟುಗಳೂ ಸೇರಿ ಬ್ಯಾಟರಿಯನ್ನು ಹೀರಿ ಹಾಕುತ್ತಿದ್ದವು. ಬೆಳಗಿನ ಜಾವ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಅಪ್ಪ ಗೇರ್ ಹಾಕಿ ಕೂರುವುದು, ಆಯಿ ಮತ್ತು ಪ್ರೇಕ್ಷಾ ಹಿಂದಿನಿಂದ ನೂಕುವುದು, ಅದನ್ನು ನೋಡಿ ಹೊನ್ನಿ ಅಜ್ಜಿಯೂ ಸೆರಗು ಸಿಕ್ಕಿಸಿ ಬರುವುದು. ದಿನಾ ಇದೇ ಆಯಿತು.

"ಲೈಟು ಗಾಡಿಗೋ, ಗಾಡಿ ಲೈಟಿಗೋ?" ಆಯಿ ಏದುಸಿರು ಬಿಡುತ್ತ ಕೇಳುತ್ತಿದ್ದಳು.

ಅಪ್ಪನ ಬಳಿ ಅದಕ್ಕೂ ಉತ್ತರವಿತ್ತು. "ಲೈಟು ಹಾಕ್ಸಿದ್ಮೇಲೆ ಜನ ಮರ್ಯಾದೆ ಕೊಡ್ತಾರೆ. ಮಲ್ಲಾಪುರ ರಸ್ತೆಲಿ, ಗದ್ದೆ ತಿರುವಿನ ಹತ್ರ, ಹೊಸ ಪೊಲೀಸ್ ಬಂದಿದಾರೆ. ಮೊದಲ್ನೇ ದಿನ ಗಾಡಿ ನಿಲ್ಸಿ ಲೈಸೆನ್ಸು, ಇನ್ಶೂರೆನ್ಸು ಎಲ್ಲ ತೋರ್ಸಿದೆ. ಒಂದ್ ಮಾತು ಆಡ್ಲಿಲ್ಲ. ಕೈ ಚಾಚಿಕೊಂಡು ಡ್ಯೂಟಿ ಮಾಡ್ತಾನೇ ಇದ್ರು. ಅಷ್ಟು ಒಳ್ಳೆ ಪೊಲೀಸ್ ನಾ ನೋಡೇ ಇರ್ಲಿಲ್ಲ."

ಆ ಭಾನುವಾರ ಅಪ್ಪ ಪ್ರೇಕ್ಷಾಳನ್ನು ತನ್ನ ಜೊತೆ ಕರೆದುಕೊಂಡು ಹೋಗುವುದೆಂದಾಯಿತು. ಮಲ್ಲಾಪುರದ ಕಾಲೊನಿ ನೋಡಬೇಕೆಂದು ಅವಳು ಬೇಸಿಗೆಯಿಂದ ಹಟ ಹಿಡಿದಿದ್ದಳು. ಈಗ ಮಾತ್ರ ಆ ಗಾಡಿ ಹತ್ತಲು ಮನಸ್ಸಿರಲಿಲ್ಲ.

"ಬೆಳಕಾದ್ಮೇಲೆ ಹೊರಡುವಾ. ಒಂದೂ ಲೈಟು ಹಾಕ್ಬಾರ್ದು," ಎಂದಳು.

"ಆಯ್ತು."

"ಪ್ರಾಮಿಸ್?"

"ಮೀನಾಣೆ."

ಬಂದರಿನಲ್ಲಿ ತಾರ್ಲೆಯೂ ಬಂಗಡೆಯೂ ತುಂಬಿಕೊಂಡು, ಕಾಳಿ ನದಿಯ ಬದಿಯ ರಸ್ತೆ ಹಿಡಿದಾಗ ಬಿಸಿಲು ಚೆನ್ನಾಗಿ ಏರಿತ್ತು. ಮಂಜಿಲ್ಲ, ಮೋಡವಿಲ್ಲ. ನದಿ ಥಳಥಳ ಹೊಳೆಯುತ್ತಿತ್ತು. ಗದ್ದೆಗಳಲ್ಲಿ ಭತ್ತ ಹಣ್ಣಾಗಿ ಬಾಗಿತ್ತು.

ತಿರುವಿನಲ್ಲಿ ಅಪ್ಪ ಗಾಡಿಯ ವೇಗ ಇಳಿಸಿದ. ಬಲಗೈ ಎತ್ತಿ ಸೆಲ್ಯೂಟ್ ಹೊಡೆದ.

"ನಮಸ್ಕಾರ ಸಾರ್! ಮಗಳು. ಇವತ್ತು ರಜೆ ಅಲ್ವಾ, ಕರ್ಕೊಂಡು ಬಂದೆ."

ಪ್ರೇಕ್ಷಾ ಅಪ್ಪನ ಭುಜದಾಚೆ ಇಣುಕಿ ನೋಡಿದಳು.

ಗದ್ದೆಯ ಅಂಚಿನಲ್ಲಿ ಒಂದು ಬೆದರುಬೊಂಬೆ ನಿಂತಿತ್ತು. ಯಾರದೋ ಹಳೆಯ ಖಾಕಿ ಶರ್ಟು ತೊಟ್ಟಿತ್ತು. ಮಡಕೆಯ ತಲೆಗೆ ಹರಿದ ಟೊಪ್ಪಿ. ಎರಡು ಕೈಯೂ ಬಿದಿರಿನವು. ಎಡ ಭುಜದ ಮೇಲೆ ಒಂದು ಕಾಗೆ ಆರಾಮಾಗಿ ಕೂತು ರೆಕ್ಕೆ ಕೆದರಿಕೊಳ್ಳುತ್ತಿತ್ತು.

ಅವಳಿಗೆ ಎಂಥಾ ನಗು ಬಂತೆಂದರೆ ಹಿಂದಿನ ಮೀನಿನ ಪೆಟ್ಟಿಗೆಗೆ ತಲೆ ತಾಗುವ ಹಾಗೆ ನಕ್ಕಳು. "ಅಪ್ಪಾ! ನೀ ಎಂಥ ಆ್ಯಕ್ಟಿಂಗ್ ಮಾಡ್ತೆ!"

"ಶ್, ನಗ್ಬೇಡ, ತಪ್ಪು ತಿಳ್ಕೊಳ್ತಾರೆ," ಎಂದು ಅಪ್ಪ ಪಿಸುಗುಟ್ಟಿದ. "ಅಕಾ ನೋಡು, ಭುಜದ ಮೇಲೆ ಎಂಥದೋ ಕರೀದು ಅದೆ. ನಿನ್ನೆ ಇರ್ಲಿಲ್ಲ. ಸ್ಟಾರ್ ಕೊಟ್ಟಿರ್ಬೇಕು. ಪ್ರಮೋಶನ್!"

ಪ್ರೇಕ್ಷಾ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದಳು. ಅಪ್ಪ ತಮಾಷೆ ಮಾಡುವಾಗ ಅವನ ಎಡ ಹುಬ್ಬು ಮೇಲೆ ಹೋಗುತ್ತದೆ. ಹುಬ್ಬು ಹೋಗಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿಕೊಂಡು, ನಿಜವಾಗಿಯೂ, ಬೆದರುಬೊಂಬೆಯ ಭುಜವನ್ನು ನೋಡುತ್ತಿದ್ದ.

ಅವಳ ನಗು ನಿಂತಿತು.

ತಲೆಯ ಮೇಲೆ ಸೂರ್ಯನಿದ್ದ. ಅಷ್ಟು ದೊಡ್ಡ ಲೈಟು. ಅದಕ್ಕಿಂತ ದೊಡ್ಡದನ್ನು ಸಂಕೇತ ಎಲ್ಲಿಂದ ತರಬೇಕು?

ಗಾಡಿ ಮತ್ತೆ ಹೊರಟಿತು. ಈಗ ಅವಳು ಬೇರೆ ಬೇರೆ ಸಂಗತಿಗಳನ್ನು ಗಮನಿಸತೊಡಗಿದಳು. ಎದುರಿನಿಂದ ಲಾರಿ ಬಂದರೆ ಅದರ ಸದ್ದು ಕೇಳಿದ ಮೇಲೆಯೇ ಅಪ್ಪ ಬದಿಗೆ ಸರಿಯುತ್ತಿದ್ದ. ಹೊಂಡಗಳನ್ನು ಮಾತ್ರ ಒಂದನ್ನೂ ಬಿಡದೆ ತಪ್ಪಿಸುತ್ತಿದ್ದ. ಯಾವ ಹೊಂಡ ಎಲ್ಲಿದೆಯೆಂದು ಬಾಯಿಪಾಠವಾಗಿತ್ತು. ಎಮ್ಮೆಗಳು ಹಾಗಲ್ಲ. ಅವು ಜಾಗ ಬದಲಿಸುತ್ತವೆ.

ಪ್ರೇಕ್ಷಾ ಅಪ್ಪನ ಶರ್ಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ರಸ್ತೆಯನ್ನು ತಾನೇ ನೋಡುತ್ತ ಕೂತಳು. "ಅಪ್ಪಾ, ನಾಯಿ. ಅಪ್ಪಾ, ಸೈಕಲ್. ಅಪ್ಪಾ, ಒಬ್ಬಳು ಹೆಂಗಸು, ಕೊಡ ಹೊತ್ಕೊಂಡು."

"ಗೊತ್ತಾಯ್ತೇ! ಎಂತಕ್ಕೆ ಕಮೆಂಟರಿ ಹೇಳ್ತೆ?" ಅಪ್ಪ ನಕ್ಕ. ಆದರೆ ಸುಮ್ಮನಿರು ಎನ್ನಲಿಲ್ಲ.

ಕಾಲೊನಿಯಲ್ಲಿ ಮೀನು ಖಾಲಿಯಾಯಿತು. ಮರದ ಸಾಲು, ಒಂದೇ ಥರದ ಮನೆಗಳು, ದೊಡ್ಡ ಶಾಲೆ, ಯಾವುದನ್ನೂ ಅವಳು ಸರಿಯಾಗಿ ನೋಡಲಿಲ್ಲ. 'ಅಪ್ಪಾ, ನಿನಗೆ ಕಣ್ಣು ಕಾಣೂದಿಲ್ಲ' ಎಂದು ಹೇಳುವುದು ಹೇಗೆ? ಅಪ್ಪನಿಗೆ ಸಿಟ್ಟು ಬಂದರೆ? ಅಳು ಬಂದರೆ? ಅಪ್ಪ ಅತ್ತದ್ದನ್ನು ಅವಳು ಇದುವರೆಗೂ ನೋಡಿರಲಿಲ್ಲ.

ಮರಳಿ ಕಾರವಾರ ಮುಟ್ಟಿದಾಗ ಭಾನುವಾರದ ಸಂತೆ ನೆರೆದಿತ್ತು. ರಸ್ತೆ ಬದಿಗೆ ಒಂದು ಕನ್ನಡಕದ ಅಂಗಡಿ ಕಂಡಿತು. ಬೋರ್ಡಿನಲ್ಲಿ ಒಂದು ದೊಡ್ಡ ಕಣ್ಣು ಬಿಡಿಸಿದ್ದರು.

"ಅಪ್ಪಾ, ನಿಲ್ಸು! ನಂಗೆ ಶಾಲೇಲಿ ಬೋರ್ಡ್ ಕಾಣೂದಿಲ್ಲ."

ಅಪ್ಪ ಗಕ್ಕನೆ ಬ್ರೇಕ್ ಹಾಕಿದ. "ಯಾವಾಗಿಂದ?"

"ಈ... ಈಗಿಂದ."

"ಅಯ್ಯೋ ಮಗಾ, ಮೊದ್ಲೇ ಹೇಳೂದಲ್ವಾ?" ಅಪ್ಪನ ದನಿಯಲ್ಲಿ ಗಾಬರಿಯಿತ್ತು. ಅವಳ ಕೈ ಹಿಡಿದು ಸರಸರನೆ ಅಂಗಡಿಯ ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲು ಕಾಣದೆ ಎಡವಿದ.

ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರ ಹೆಸರು ವೈಜಯಂತಿ. ಅವರು ಪ್ರೇಕ್ಷಾಳನ್ನು ಕುರ್ಚಿಯಲ್ಲಿ ಕೂರಿಸಿ, ದೂರದ ಗೋಡೆಯ ಮೇಲಿನ ಚಾರ್ಟ್ ತೋರಿಸಿದರು. "ಎಲ್ಲಿತನಕ ಕಾಣ್ತದೆ, ಅಲ್ಲಿತನಕ ಓದು ತಂಗಿ."

ಓದು ಎಂದರೆ ಪ್ರೇಕ್ಷಾಳಿಗೆ ಗಟ್ಟಿಯಾಗಿ ಓದಿಯೇ ಅಭ್ಯಾಸ. ತನಗೆ ಕಣ್ಣು ಕಾಣುವುದಿಲ್ಲ ಎಂಬುದನ್ನೇ ಮರೆತು ಗಡಗಡನೆ ಓದಿದಳು. "ಗ, ಠ, ಲ, ಅ, ಮ, ಅಲ್ಲ, ವ, ರ, ಡ, ನ..." ಕಟ್ಟಕಡೆಯ ಇರುವೆಯಂಥ ಸಾಲನ್ನೂ ಬಿಡಲಿಲ್ಲ.

ವೈಜಯಂತಿ ಹುಬ್ಬು ಗಂಟಿಕ್ಕಿದರು. "ನಿಂಗೆ ಹದ್ದಿನ ಕಣ್ಣು. ಎಂತಕ್ಕೆ ಬಂದದ್ದು ನೀನು?"

ಪ್ರೇಕ್ಷಾ ತನ್ನ ಚಪ್ಪಲಿ ನೋಡಿಕೊಂಡಳು. "ಅಪ್ಪನೂ ಓದ್ಲಿ."

"ನಾನಾ? ನಂಗೆಂತ ಆಗಿದೆ?" ಎಂದ ಅಪ್ಪ. ಆದರೂ ಕುರ್ಚಿಯಲ್ಲಿ ಕೂತು, ಎದೆ ಸೆಟೆದು, ಒಂದೇ ಉಸಿರಿಗೆ ಒಪ್ಪಿಸಿದ. "ಗ, ಠ, ಲ, ಅ, ಮ, ಅಲ್ಲ, ವ, ರ, ಡ, ನ..."

ಅವನು 'ಮ, ಅಲ್ಲ, ವ' ಎಂದ ಕೂಡಲೇ ವೈಜಯಂತಿ ಮೆಲ್ಲನೆ ಎದ್ದುಹೋಗಿ ಚಾರ್ಟನ್ನು ಗೋಡೆಯಿಂದ ತೆಗೆದರು. ಅಪ್ಪ ಖಾಲಿ ಗೋಡೆಯನ್ನು ಕೊನೆಯ ಸಾಲಿನ ತನಕ ತಪ್ಪಿಲ್ಲದೆ ಓದಿ ಮುಗಿಸಿದ.

"ಸರಿ ಇತ್ತಾ?" ಎಂದು ಕೇಳಿದ.

ವೈಜಯಂತಿ ಚಾರ್ಟನ್ನು ಅವನ ತೊಡೆಯ ಮೇಲೆ ತಂದಿಟ್ಟರು. ಅಪ್ಪ ಚಾರ್ಟ್ ನೋಡಿದ, ಗೋಡೆ ನೋಡಿದ. ಕಿವಿಯ ತುದಿ ಕೆಂಪಗಾಯಿತು.

"ಹೊರಗೆ ನಿಲ್ಸಿದ ಆ ಗಾಡಿನ ನೀವು ದಿನಾ ಈ ಕಣ್ಣಲ್ಲೇ ಓಡಿಸ್ತಾ ಇದ್ರಾ?" ವೈಜಯಂತಿ ಕೇಳಿದರು.

"ಲೈಟು ಹಾಕ್ಸಿದ್ದೆ," ಎಂದ ಅಪ್ಪ ಸಣ್ಣ ದನಿಯಲ್ಲಿ.

ಆಮೇಲೆ ಯಾರೂ ಕೇಳದಿದ್ದರೂ ಹೇಳಿದ. "ನನ್ನ ಅಪ್ಪನಿಗೂ ಹೀಗೇ ಆಗಿತ್ತು. ದೂರದ ದೋಣಿ ಕಾಣೂದಿಲ್ಲ ಅಂತ ಗೊತ್ತಾದ ದಿನವೇ ಅವನನ್ನ ದೋಣಿಯಿಂದ ಇಳ್ಸಿದ್ರು. ಮತ್ತೆ ಹತ್ತಿಸ್ಲೇ ಇಲ್ಲ. ದಡದಲ್ಲಿ ಕೂತು ಬಲೆ ಹೊಲೀತಿದ್ದ. ನಂಗೂ ಗಾಡಿ ಬಿಡು ಅಂದ್ರೆ? ಅದಕ್ಕೆ ನಾ ಯಾರಿಗೂ... ನಂಗೆ ನಾನೇ ಹೇಳ್ಕೊಂಡಿರ್ಲಿಲ್ಲ."

ವೈಜಯಂತಿ ಅವನ ಮೂಗಿನ ಮೇಲೆ ಒಂದು ಭಾರದ ಕಬ್ಬಿಣದ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತ ಹೇಳಿದರು. "ದೂರದ್ದು ಕಾಣೂದಿಲ್ಲ, ಅಷ್ಟೇ. ಕನ್ನಡಕ ಹಾಕಿದ್ರೆ ಗಾಡಿ ಓಡ್ಸೂದು ನಿಲ್ಸೂದೇನೂ ಬೇಡ. ಆದ್ರೆ ಕನ್ನಡಕ ಬರೂದು ಬುಧವಾರ. ಅಲ್ಲಿವರೆಗೆ ಗಾಡಿ ಮುಟ್ಟಿದ್ರೆ ನಾನೇ ಪೊಲೀಸಿಗೆ ಹೇಳ್ತೆ."

"ಪೊಲೀಸರು ನಮ್ಗೆ ಪರಿಚಯ," ಎಂದ ಅಪ್ಪ. ಪ್ರೇಕ್ಷಾ ಕಿಟಕಿಯ ಹೊರಗೆ ನೋಡಿದಳು.

ಗಾಡಿಯನ್ನು ಅಂಗಡಿಯ ಎದುರೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದರು. ಆಯಿ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. ಆಮೇಲೆ ಅಪ್ಪನಿಗೆ ಬಂಗಡೆಯ ದೊಡ್ಡ ತುಂಡು ಬಡಿಸಿ, ಮುಳ್ಳನ್ನು ತಾನೇ ಬಿಡಿಸಿ ಕೊಟ್ಟಳು. "ಹತ್ತಿರದ್ದು ಕಾಣ್ತದೆ ಮಾರಾಯ್ತಿ," ಎಂದ ಅಪ್ಪ. ಆದರೂ ಆಯಿ ಬಿಡಿಸುತ್ತಲೇ ಇದ್ದಳು.

ಬುಧವಾರ ಶಾಲೆ ಬಿಟ್ಟ ಮೇಲೆ ಪ್ರೇಕ್ಷಾ ಅಪ್ಪನ ಜೊತೆ ಬಸ್ಸು ಹತ್ತಿದಳು. ಅಂಗಡಿಯ ಎದುರು ಗುಂಪು ಸೇರಿತ್ತು. ಮೂರು ದಿನದಿಂದ ಅಲ್ಲೇ ನಿಂತಿದ್ದ ಎಂಟು ಲೈಟಿನ ಗಾಡಿಯನ್ನು ಜನ ಅಂಗಡಿಯ ಜಾಹೀರಾತು ಎಂದುಕೊಂಡಿದ್ದರು. ಇಬ್ಬರು ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ಖಾಲಿ ಪೆಟ್ಟಿಗೆಯ ಸುತ್ತ ಐದು ಬೆಕ್ಕುಗಳು ಶಿಸ್ತಾಗಿ ಕೂತಿದ್ದವು.

ವೈಜಯಂತಿ ಅಪ್ಪನ ಕಿವಿಗೆ ಕನ್ನಡಕ ಸಿಕ್ಕಿಸಿದರು. ಅಪ್ಪ ಎರಡು ಸಲ ಕಣ್ಣು ಮಿಟುಕಿಸಿ, ಬಾಗಿಲಿಗೆ ಬಂದು, ಹೊರಗೆ ನೋಡಿದ.

"ಅಯ್ಯಯ್ಯಪ್ಪಾ!" ಎಂದ. "ಯಾರ ಗಾಡಿಯೇ ಅದು? ಮಳ್ಳು ಹಿಡ್ದದಾ ಅವನಿಗೆ? ಇಷ್ಟೆಲ್ಲ ಲೈಟು ಎಂತಕ್ಕೆ?"

ಪ್ರೇಕ್ಷಾ ತುಟಿ ಕಚ್ಚಿಕೊಂಡಳು. ವೈಜಯಂತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕ ಸದ್ದು ಕೇಳಿಸಿತು. ಅಪ್ಪ ಇನ್ನೂ ಎರಡು ಮೆಟ್ಟಿಲಿಳಿದು, ನಂಬರ್ ಪ್ಲೇಟ್ ಓದಿ, ಅಲ್ಲೇ ನಿಂತುಬಿಟ್ಟ.

"ಓ," ಎಂದ. ಅಷ್ಟೇ.

ಸಂಕೇತನಿಗೆ ಫೋನ್ ಮಾಡಿ, "ಆರು ಬಿಚ್ಚೂದು ಅದೆ. ಕೆಳಗಿನ ಎರಡು ಇರ್ಲಿ. ನೀ ಹೇಳಿದ ಹಾಗೆ ಮುಖ ಕೆಳಗೇ ಇರ್ಲಿ," ಎಂದ. ಸೆಲ್ಫಿ ಹುಡುಗರು ಗಾಡಿ ನೂಕಿಕೊಟ್ಟರು. ಬೆಕ್ಕುಗಳು ಸ್ವಲ್ಪ ದೂರ ಹಿಂದೆ ಬಂದವು.

ಅಂಕೋಲೆಯ ದಾರಿಯಲ್ಲಿ ಅಪ್ಪ ಮೆಲ್ಲಗೆ ಓಡಿಸಿದ. ನಾಳೆ ಬೆಳಿಗ್ಗೆ ಗದ್ದೆಯ ತಿರುವಿನಲ್ಲಿ ಅವನು ಆ ಪೊಲೀಸರನ್ನೂ ನೋಡುತ್ತಾನೆ. ಈಗಲೇ ಹೇಳಿಬಿಡಲೇ ಎಂದುಕೊಂಡಳು ಪ್ರೇಕ್ಷಾ. ಬೇಡ, ಅಲ್ಲಿ ಅಪ್ಪ ಒಬ್ಬನೇ ಇರುತ್ತಾನೆ, ಒಬ್ಬನೇ ನಗಲಿ ಎನಿಸಿತು.

ಬಿಣಗಾದ ಏರು ಹತ್ತಿದಾಗ ಬಲಕ್ಕೆ ಸಮುದ್ರ ಕಂಡಿತು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಅಪ್ಪ ಗಾಡಿಯನ್ನು ಬದಿಗೆ ನಿಲ್ಲಿಸಿದ.

"ಬೋಟು," ಎಂದ.

"ಹೂಂ."

"ಎಷ್ಟೊಂದು ಅದೆ! ದಿನಾ ಇರ್ತದಾ ಇಷ್ಟು?"

"ಇರ್ತದೆ ಅಪ್ಪಾ."

ದಿನಾ ಎರಡು ಸಲ ಇದೇ ಏರು ಹತ್ತಿ ಇಳಿಯುವ ಅಪ್ಪ, ಬೆರಳು ಚಾಚಿ, ಅಂಗನವಾಡಿಯ ಮಗುವಿನಂತೆ ಎಣಿಸತೊಡಗಿದ. ಒಂದು, ಎರಡು, ಮೂರು.

ಪ್ರೇಕ್ಷಾ ಆಗಲೇ ಎಣಿಸಿ ಮುಗಿಸಿದ್ದಳು. ಹತ್ತು. ಒಂಬತ್ತು ಇತ್ತ ಕಡೆ, ಇನ್ನೊಂದು ದೂರ ದ್ವೀಪದ ಅಂಚಿನಲ್ಲಿ, ಚುಕ್ಕೆಯಷ್ಟು.

"ಎಂಟು... ಒಂಬತ್ತು," ಎಂದು ಅಪ್ಪ ಕೈ ಇಳಿಸಿದ.

ಅವಳ ಬೆರಳು ತಾನಾಗಿ ಮೇಲೆದ್ದಿತು. ಅದನ್ನು ಮಡಚಿ ಅಪ್ಪನ ಶರ್ಟಿನ ಹಿಂದೆ ಅಡಗಿಸಿಕೊಂಡಳು.

"ತಡಿ ತಡಿ," ಅಪ್ಪ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡ. "ಅಕಾ, ಅಲ್ಲೊಂದು! ಹತ್ತು! ಹತ್ತು ಅದೆ!"

"ಹತ್ತಾ?" ಎಂದಳು ಪ್ರೇಕ್ಷಾ. "ಎಲ್ಲಿ ಅಪ್ಪಾ? ನಂಗೆ ಕಾಣ್ಲಿಲ್ಲ. ತೋರ್ಸು."